‘ಅನುದಾನ ಇಲ್ರೀ’ ಅಂದರೆ ಎದ್ದು ಬರಬೇಡಿ: ಊರಿನ ದುಡ್ಡು ಎಲ್ಲಿದೆ ಎಂದು ಹುಡುಕುವುದು ಹೇಗೆ

ಗದಗ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಸುತ್ತಮುತ್ತ ಸರ್ಕಾರಿ ಕಚೇರಿಗಳು. ದಿನವಿಡೀ ಅರ್ಜಿಗಳ ನಡುವೆಯೇ ನನ್ನ ಕೆಲಸ. ಗಟಾರ ತುಂಬಿದೆ, ಬೀದಿದೀಪ ಹೋಗಿದೆ, ನೀರು ಬಂದು ಹನ್ನೆರಡು ದಿನ ಆಯ್ತು, ಅಂಗನವಾಡಿ ಸೋರುತ್ತಿದೆ. ಜನ ಬರೆಸುತ್ತಾರೆ, ಎರಡು ಪ್ರತಿ ತೆಗೆಸುತ್ತಾರೆ, ಹೋಗಿ ಕೊಟ್ಟು ಬರುತ್ತಾರೆ. ವಾರದ ಮೇಲೆ ಅದೇ ಜನ ಬಂದು ಅಂಗಡಿ ಕಟ್ಟೆ ಮೇಲೆ ಕೂತು ಹೇಳುವುದು ಒಂದೇ ಮಾತು: "ಅನುದಾನ ಇಲ್ಲಂತ್ರೀ."

ಈ ಮಾತು ಕೇಳಿ ಸುಮ್ನೆ ಎದ್ದು ಬರುವವರೇ ಜಾಸ್ತಿ. ನಾನೂ ಮೊದಲು ಹಾಗೇ ಬರುತ್ತಿದ್ದೆ. ಅನುದಾನ ಇಲ್ಲ ಎಂಬುದು ನಿಜವೇ ಇರಬಹುದು. ನಮ್ಮಂಥ ಊರುಗಳ ಸ್ಥಿತಿ ನಿಮಗೂ ಗೊತ್ತು. ಹತ್ತಿ ಜಿನ್ನಿಂಗ್ ಮಿಲ್ಲುಗಳು ಬಾಗಿಲು ಹಾಕಿವೆ, ಮಳೆ ಕೈಕೊಟ್ಟ ವರ್ಷ ಪೇಟೆಯಲ್ಲಿ ವ್ಯಾಪಾರವೇ ಇರುವುದಿಲ್ಲ, ಓದಿದ ಹುಡುಗರು ಹುಬ್ಬಳ್ಳಿಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾರೆ. ಊರಿನ ಗಳಿಕೆ ಇಳಿದರೆ ತೆರಿಗೆ ಇಳಿಯುತ್ತದೆ, ತೆರಿಗೆ ಇಳಿದರೆ ಒಂದು ಬಲ್ಬು ಹಾಕಲೂ ಮೇಲಿನಿಂದ ಬರುವ ಹಣ ಕಾಯಬೇಕು. ಆದರೆ ಹಣ ನಿಜವಾಗಿಯೂ ಬಂದಿಲ್ಲವೋ, ಬಂದು ಬೇರೆ ಕೆಲಸಕ್ಕೆ ಹೋಯಿತೋ, ಬಂದು ಬ್ಯಾಂಕಿನಲ್ಲೇ ಕೂತಿದೆಯೋ, ಇಲ್ಲಾ ನೀವೇ ತಪ್ಪು ಕಚೇರಿಯ ಬಾಗಿಲು ತಟ್ಟಿದ್ದೀರೋ, ಈ ನಾಲ್ಕರಲ್ಲಿ ಯಾವುದು ಎಂದು ಪತ್ತೆ ಮಾಡಬಹುದು. ವಕೀಲರು ಬೇಡ. ಪರಿಚಯದ ರಾಜಕಾರಣಿ ಬೇಡ. ಹತ್ತು ರೂಪಾಯಿ ಮತ್ತು ತಾಳ್ಮೆ ಬೇಕು, ಜೊತೆಗೆ ಯಾವ ಕಾಗದ ಕೇಳಬೇಕು ಎಂದು ಗೊತ್ತಿರಬೇಕು. ನಾನು ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನಿಮಗೆ ಆ ಓಡಾಟ ಅರ್ಧವಾದರೂ ಉಳಿಯಲಿ ಅಂತ.

ಮೊದಲು ನೋಡಬೇಕಾದ್ದು: ಇದು ಯಾರ ಕೆಲಸ?

ನಮ್ಮ ಓಣಿಯ ಗಟಾರದ ನೀರು ದೊಡ್ಡ ರಸ್ತೆ ಸೇರುವ ಕಡೆ ನಿಂತುಬಿಡುತ್ತಿತ್ತು. ಜೋರು ಮಳೆ ಬಂದರೆ ಮೂರು ಮನೆಗಳ ಪಡಸಾಲೆಗೆ ನೀರು. ಎರಡು ತಿಂಗಳು ಒಂದೇ ಕಚೇರಿಗೆ ಅಲೆದೆ. ಕೊನೆಗೆ ವಯಸ್ಸಾದ ಗುಮಾಸ್ತರೊಬ್ಬರು ಕರೆದು ಹೇಳಿದರು: ಓಣಿ ಗಟಾರ ನಮ್ಮದು, ಆದರೆ ಆ ದೊಡ್ಡ ರಸ್ತೆ ರಾಜ್ಯ ಹೆದ್ದಾರಿ, ಅದರ ಅಡಿಯ ಮೋರಿಯನ್ನು ನಾವು ಮುಟ್ಟೋ ಹಂಗಿಲ್ಲ. ಅದನ್ನು ಮೊದಲ ದಿನವೇ ಹೇಳಬಹುದಿತ್ತು ಅಲ್ವಾ? ಆದರೆ ನಾನೂ ಕೇಳಿರಲಿಲ್ಲ. ನಾನು ಕೇಳಿದ್ದು ‘ಯಾವಾಗ ಮಾಡ್ತೀರಿ’ ಅಂತ. ‘ಇದು ಯಾರ ಲೆಕ್ಕಕ್ಕೆ ಬರುತ್ತದೆ’ ಅಂತ ಅಲ್ಲ.

ಕರಾವಳಿಯಲ್ಲೂ ಇದೇ ಪಾಡು. ನನ್ನ ತಂಗಿಯನ್ನು ಅಂಕೋಲಾ ಕಡೆ ಕೊಟ್ಟಿದ್ದೇವೆ. ಅವರ ಕೇರಿಗೆ ಮಳೆಗಾಲದಲ್ಲಿ ಕಡಲು ಹತ್ತಿರ ಬರುತ್ತದೆ, ತೆಂಗಿನ ಮರಗಳ ಬೇರು ಬಯಲಾಗುತ್ತದೆ. ಕೇರಿಯ ಜನ ಎರಡು ಮಳೆಗಾಲ ಊರಿನ ಕಚೇರಿಗೆ ತಡೆಗೋಡೆ ಕೇಳಿ ಅರ್ಜಿ ಕೊಟ್ಟರು. ಕಡಲ ಕೊರೆತ ತಡೆಯುವ ಕಾಮಗಾರಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಗೆ ಸೇರಿದ್ದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಲ್ಲಿಯ ಕಷ್ಟ ನಮ್ಮದಕ್ಕಿಂತ ಕಡಿಮೆಯೇನಲ್ಲ. ದೊಡ್ಡ ಕಾಯಿಲೆ ಬಂದರೆ ಅವರು ಅರಬೈಲ್ ಘಟ್ಟ ಹತ್ತಿ, ನಾವು ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಆಸ್ಪತ್ರೆಗೆ ಬರಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಉತ್ತರ ಕನ್ನಡದ ಜನ 2022ರಲ್ಲಿ ಅಷ್ಟು ದೊಡ್ಡ ದನಿ ಎತ್ತಿದ್ದು ಅದಕ್ಕೇ.

ಹಾಗಾಗಿ ಅರ್ಜಿ ಬರೆಯುವ ಮೊದಲು ಕೆಲಸ ಯಾರದು ಎಂದು ಖಚಿತ ಮಾಡಿಕೊಳ್ಳಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ಸಣ್ಣ ರಸ್ತೆ ಆದರೆ ಹೆಚ್ಚಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಹಳ್ಳಿಗಳ ದೊಡ್ಡ ನೀರಿನ ಯೋಜನೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯದು. ಪಟ್ಟಣದ್ದಾದರೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದು. ಬೀದಿದೀಪದ ಬಲ್ಬು ಊರಿನ ಆಡಳಿತದ್ದು, ಟ್ರಾನ್ಸ್‌ಫಾರ್ಮರ್ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂನದು. ಇದು ಬಾಯಿಪಾಠ ಮಾಡುವ ವಿಷಯ ಅಲ್ಲ. ಗೊತ್ತಾಗದಿದ್ದರೂ ಚಿಂತೆಯಿಲ್ಲ, ಮಾಹಿತಿ ಹಕ್ಕು ಅರ್ಜಿ ತಪ್ಪು ಕಚೇರಿಗೆ ಹೋದರೆ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ದಾಟಿಸಬೇಕು, ಕಾಯ್ದೆಯಲ್ಲೇ ಹಾಗಿದೆ.

ದುಡ್ಡು ಯಾವ ಯಾವ ಹೆಸರಿನಲ್ಲಿ ಬರುತ್ತದೆ

‘ಅನುದಾನ’ ಎಂಬುದು ಒಂದೇ ಡಬ್ಬಿ ಅಲ್ಲ. ಐದಾರು ಡಬ್ಬಿಗಳಿವೆ. ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಇರುತ್ತದೆ, ಮತ್ತು ಒಂದು ಡಬ್ಬಿಯ ಹಣವನ್ನು ಮನಸ್ಸಿಗೆ ಬಂದ ಕೆಲಸಕ್ಕೆ ಹಾಕಲು ಬರುವುದಿಲ್ಲ. ಇದು ಗೊತ್ತಿದ್ದರೆ ಕಚೇರಿಯಲ್ಲಿ ನಿಮ್ಮ ಜೊತೆ ಮಾತಾಡುವ ರೀತಿಯೇ ಬದಲಾಗುತ್ತದೆ.

ದೊಡ್ಡದು ಕೇಂದ್ರ ಹಣಕಾಸು ಆಯೋಗದ ಹಣ. 15ನೇ ಆಯೋಗದ ಅವಧಿ 2021ರಿಂದ 2026ರ ಮಾರ್ಚ್‌ವರೆಗೆ, ಆಮೇಲಿನದು 16ನೇ ಆಯೋಗದ ಅವಧಿ. 15ನೇ ಆಯೋಗದ ಲೆಕ್ಕದಲ್ಲಿ ಗ್ರಾಮ ಪಂಚಾಯಿತಿಗಾಗಲೀ ಸಣ್ಣ ಪಟ್ಟಣಕ್ಕಾಗಲೀ ಬಂದ ಹಣದಲ್ಲಿ ನೂರಕ್ಕೆ 60 ಭಾಗ ‘ನಿರ್ಬಂಧಿತ’. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೆ, ಉಳಿದರ್ಧ ನೈರ್ಮಲ್ಯ, ಕಸ ವಿಲೇವಾರಿಗೆ. ಬಾಕಿ 40 ಭಾಗ ‘ಅನಿರ್ಬಂಧಿತ’, ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಬಳಸುವಂತಿರಲಿಲ್ಲ. ಅಂದರೆ ‘ನೀರಿನ ಪೈಪಿಗೆ ದುಡ್ಡಿಲ್ಲ’ ಎಂದರೆ ‘ನಿರ್ಬಂಧಿತ ಭಾಗದಲ್ಲಿ ನೀರಿಗೆ ಈ ವರ್ಷ ಎಷ್ಟು ಬಂತು, ಎಷ್ಟು ಖರ್ಚಾಯ್ತು’ ಎಂದು ಮರುಪ್ರಶ್ನೆ ಹಾಕಬಹುದು. ಹುಬ್ಬಳ್ಳಿ-ಧಾರವಾಡದವರಿಗೂ ಆಗ ಇದೇ ಲೆಕ್ಕ ಇತ್ತು. 2011ರ ಜನಗಣತಿಯಲ್ಲಿ ಅವಳಿನಗರದ ಜನಸಂಖ್ಯೆ 9.43 ಲಕ್ಷ, ಹತ್ತು ಲಕ್ಷ ದಾಟಿದ ನಗರಗಳ ಬೇರೆ ಗುಂಪಿಗೆ ಅದು ಸೇರಿರಲಿಲ್ಲ.

ಈ ಹಣಕ್ಕೆ ಷರತ್ತುಗಳೂ ಇವೆ. ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಇರಬೇಕು. ಪಟ್ಟಣಗಳಲ್ಲಿ ಆಸ್ತಿ ತೆರಿಗೆ ವಸೂಲಿ ವರ್ಷದಿಂದ ವರ್ಷಕ್ಕೆ ಏರಬೇಕು. ಚುನಾಯಿತ ಮಂಡಳಿ ಇರಬೇಕು. ಈ ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಅವಧಿ ಮುಗಿದದ್ದು 2019ರಲ್ಲಿ, ಮತ್ತೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಿಗಂತೂ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಚುನಾವಣೆ ಮುಂದೂಡಿದರೆ ಹೋಗುವುದು ಸದಸ್ಯರ ಕುರ್ಚಿ ಮಾತ್ರ ಅಲ್ಲ, ಹಣವೂ ನಿಲ್ಲುವ ಅಪಾಯ ಇದೆ. ನನಗೆ ಈ ವಿಷಯದಲ್ಲಿ ನಿಜವಾಗಿಯೂ ಸಿಟ್ಟಿದೆ.

ಎರಡನೆಯದು ರಾಜ್ಯ ಹಣಕಾಸು ಆಯೋಗದ ಹಣ. ಕಚೇರಿಯಲ್ಲಿ ಇದನ್ನು ‘ಎಸ್‌ಎಫ್‌ಸಿ’ ಎನ್ನುತ್ತಾರೆ. ಎಸ್‌ಎಫ್‌ಸಿ ಮುಕ್ತನಿಧಿ, ಎಸ್‌ಎಫ್‌ಸಿ ವಿಶೇಷ, ಎಸ್‌ಎಫ್‌ಸಿ ವೇತನ, ಎಸ್‌ಎಫ್‌ಸಿ ವಿದ್ಯುತ್ ಎಂದು ಬೇರೆ ಬೇರೆ. ಓಣಿಯ ಕೆಲಸಕ್ಕೆ ಸಿಗಬಹುದಾದದ್ದು ಮುಕ್ತನಿಧಿ ಮತ್ತು ವಿಶೇಷ. ಪಟ್ಟಣಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ನೂರಕ್ಕೆ 24.10, ಇತರೆ ಬಡವರಿಗೆ 7.25, ಅಂಗವಿಕಲರಿಗೆ 5 ಎಂದು ತೆಗೆದಿಡಬೇಕಾದ ಹಣವೂ ಇದೆ. ವರ್ಷದ ಕೊನೆಗೆ ಇದು ಖರ್ಚಾಗದೆ ಉಳಿದದ್ದನ್ನು ನಾನೇ ಕಾಗದದಲ್ಲಿ ನೋಡಿದ್ದೇನೆ. ನಮ್ಮ ಅಂಗಡಿಗೆ ತ್ರಿಚಕ್ರ ವಾಹನಕ್ಕೆ ಅರ್ಜಿ ಬರೆಸಲು ಬರುತ್ತಿದ್ದ ಹುಡುಗನಿಗೆ ‘ದುಡ್ಡಿಲ್ಲ’ ಎಂದು ಹೇಳಿದ ವರ್ಷವೇ ಅದು. ಅವತ್ತಿನಿಂದ ನಾನು ಶೇಕಡಾ 5ರ ಲೆಕ್ಕವನ್ನು ಪ್ರತಿ ವರ್ಷ ಕೇಳುತ್ತೇನೆ.

ಶಾಸಕರಿಗೆ ಕ್ಷೇತ್ರಾಭಿವೃದ್ಧಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಇದೆ. ಇಡೀ ಕ್ಷೇತ್ರಕ್ಕೆ ಹಂಚಿದರೆ ದೊಡ್ಡ ಮೊತ್ತವಲ್ಲ, ಆದರೆ ಒಂದು ಶಾಲಾ ಕೊಠಡಿಗೆ, ಒಂದು ಸಮುದಾಯ ಭವನಕ್ಕೆ ಸಾಕು. ಇದರ ಲೆಕ್ಕ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಇನ್ನು ಪಟ್ಟಣಗಳ ಮೂಲಸೌಕರ್ಯಕ್ಕೆ ನಗರೋತ್ಥಾನ, ಪಟ್ಟಣಗಳ ನೀರಿಗೆ ಅಮೃತ್ 2.0, ಹಳ್ಳಿಗಳಿಗೆ ಜಲಜೀವನ್ ಮಿಷನ್, ಹೀಗೆ ಯೋಜನೆಗೊಂದು ಹೆಸರು. ಹಿಂದುಳಿದ ತಾಲ್ಲೂಕು ಎಂಬ ಲೆಕ್ಕವೂ ಒಂದಿದೆ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಪಟ್ಟಿ ಮಾಡಿತು. ಆ ವರದಿ ಮೇಲೆಯೇ 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು. ನಿಮ್ಮ ತಾಲ್ಲೂಕು ಆ ಪಟ್ಟಿಯಲ್ಲಿದ್ದರೆ ಇಲಾಖೆಗಳಲ್ಲಿ ‘ವಿಶೇಷ ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ತಾಲ್ಲೂಕಿಗೆ ಏನು ಬಂತು’ ಎಂದು ಕೇಳಲು ನಿಮಗೊಂದು ಆಧಾರ ಇರುತ್ತದೆ.

ಕೊನೆಯ ಡಬ್ಬಿ ನಮ್ಮದೇ ದುಡ್ಡು. ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಲೈಸೆನ್ಸ್ ಶುಲ್ಕ.

ಮನೆಯಲ್ಲಿರುವ ತೆರಿಗೆ ರಸೀದಿ ತೆಗೆಯಿರಿ

ಈಗಲೇ ತೆಗೆಯಿರಿ. ಗೋದ್ರೆಜ್ ಕಪಾಟಿನಲ್ಲಿ ಕರೆಂಟ್ ಬಿಲ್ ಜೊತೆ ಮಡಚಿಟ್ಟಿರುತ್ತೀರಿ. ಆಸ್ತಿ ತೆರಿಗೆ ಎಂದು ಒಂದು ಮೊತ್ತ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಉಪಕರಗಳು. ಆರೋಗ್ಯ ಉಪಕರ ನೂರಕ್ಕೆ 15. ಗ್ರಂಥಾಲಯ ಉಪಕರ ನೂರಕ್ಕೆ 6. ಭಿಕ್ಷುಕರ ಉಪಕರ ನೂರಕ್ಕೆ 3. ಅಂದರೆ ಒಂದು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆ ಇನ್ನೂ 240 ರೂಪಾಯಿ ಇವಕ್ಕೆ ಕಟ್ಟುತ್ತದೆ. ಅದರಲ್ಲಿ 60 ರೂಪಾಯಿ ಗ್ರಂಥಾಲಯಕ್ಕೆ.

ನಮ್ಮೂರಿನ ಗ್ರಂಥಾಲಯದಲ್ಲಿ ಫ್ಯಾನ್ ತಿರುಗುತ್ತಿರಲಿಲ್ಲ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಒಂದು ದಿನ ಒಬ್ಬ ಹುಡುಗಿ ರಸೀದಿ ಜೆರಾಕ್ಸ್ ಮಾಡಿಸಲು ಬಂದಳು. ಈ 6 ಪರ್ಸೆಂಟ್ ಸಾಲನ್ನು ಬೆರಳಿಟ್ಟು ತೋರಿಸಿದೆ. ಅವಳು ಸುಮ್ಮನೆ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎಂಟು ಜನ ಸೇರಿ ಒಂದು ಪ್ರಶ್ನೆ ಬರೆದರು: ಕಳೆದ ಎರಡು ವರ್ಷ ಊರಿನಿಂದ ವಸೂಲಾದ ಗ್ರಂಥಾಲಯ ಉಪಕರ ಎಷ್ಟು, ಅದರಲ್ಲಿ ಗ್ರಂಥಾಲಯ ಪ್ರಾಧಿಕಾರಕ್ಕೆ ಪಾವತಿಸಿದ್ದು ಎಷ್ಟು, ಯಾವ ದಿನಾಂಕ. ಉತ್ತರ ಬರುವ ಮೊದಲೇ ಫ್ಯಾನ್ ರಿಪೇರಿ ಆಯ್ತು. ಉತ್ತರವೂ ಬಂತು. ಕಟ್ಟಿದ್ದಕ್ಕೂ ದಾಟಿಸಿದ್ದಕ್ಕೂ ವ್ಯತ್ಯಾಸ ಇತ್ತು, ಅದನ್ನು ಅವರು ಈಗಲೂ ಬೆನ್ನು ಹತ್ತಿದ್ದಾರೆ.

ತೆರಿಗೆ ಕಟ್ಟದೆ ಇರಬೇಡಿ ಎಂದೂ ಇಲ್ಲೇ ಹೇಳಿಬಿಡುತ್ತೇನೆ. ‘ಅವರು ಕೆಲಸ ಮಾಡಲ್ಲ, ನಾನು ಕಟ್ಟಲ್ಲ’ ಎನ್ನುವುದು ನಮ್ಮ ಕಡೆ ಬಹಳ. ವಸೂಲಿ ಬಿದ್ದರೆ ಮೇಲಿನ ಹಣಕ್ಕೇ ಕುತ್ತು, ಮೇಲೆ ಹೇಳಿದೆನಲ್ಲ. ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿಯೂ ಇದೆ.

ಕ್ರಿಯಾ ಯೋಜನೆ ಎಂಬ ಕಾಗದ

ನೂರು ಮಾತಿಗಿಂತ ಈ ಒಂದು ಕಾಗದ ಮುಖ್ಯ. ಯಾವ ಅನುದಾನದಲ್ಲಿ, ಯಾವ ವಾರ್ಡಿನಲ್ಲಿ, ಯಾವ ಕೆಲಸ, ಎಷ್ಟು ಮೊತ್ತ ಎಂದು ವರ್ಷಕ್ಕೆ ಮೊದಲೇ ಬರೆದಿಟ್ಟ ಪಟ್ಟಿ ಅದು. ನಿಮ್ಮ ಕೆಲಸ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನೀವು ಏನೇ ಕೂಗಾಡಿದರೂ ಆ ವರ್ಷ ಆಗುವುದು ಕಷ್ಟ, ಪಟ್ಟಿ ಬದಲಿಸಲು ಮತ್ತೆ ಠರಾವು ಆಗಬೇಕು, ಮತ್ತೆ ಮಂಜೂರಾತಿ ಬೇಕು. ಪಟ್ಟಿಯಲ್ಲಿ ಇದ್ದೂ ಆಗಿಲ್ಲದಿದ್ದರೆ ಅವರು ಉತ್ತರ ಕೊಡಲೇಬೇಕು. ‘ಅನುದಾನ ಇಲ್ಲ’ ಎಂಬ ಮಾತು ಆಗ ನಡೆಯುವುದಿಲ್ಲ.

ಗ್ರಾಮ ಪಂಚಾಯಿತಿ ಆದರೆ ಮೊಬೈಲ್‌ನಲ್ಲೇ ನೋಡಬಹುದು. ಇ-ಗ್ರಾಮ್ ಸ್ವರಾಜ್ ಜಾಲತಾಣಕ್ಕೆ ಹೋಗಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ವರ್ಷದ ಯೋಜನೆಯೂ ಸಿಗುತ್ತದೆ, ಯಾರಿಗೆ ಎಷ್ಟು ಪಾವತಿ ಆಯ್ತು ಎಂಬ ವೋಚರೂ ಸಿಗುತ್ತದೆ. ಮೊದಲ ಸಲ ಗೊಂದಲ ಆಗುತ್ತದೆ, ಇಂಗ್ಲಿಷ್ ಜಾಸ್ತಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಪಟ್ಟಣದವರಿಗೆ ದಾರಿ ಬೇರೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳ ಕ್ರಿಯಾ ಯೋಜನೆಗಳು ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಹೋಗುತ್ತವೆ. ಅಲ್ಲಿ ಯೋಜನಾ ನಿರ್ದೇಶಕರು ಎಂಬ ಅಧಿಕಾರಿ ಇರುತ್ತಾರೆ. ಊರಿನ ಕಚೇರಿಯಲ್ಲಿ ‘ಕಡತ ಸಿಗ್ತಾ ಇಲ್ಲ’ ಎಂದರೆ ಅದರ ಪ್ರತಿ ಅಲ್ಲಿ ಇರುತ್ತದೆ. ಈ ಒಂದು ವಿಷಯ ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯ್ತು. ಇನ್ನೊಂದು, ಕೆಲವು ಕಾಮಗಾರಿಗಳನ್ನು ಊರಿನ ಕಚೇರಿ ತಾನೇ ಮಾಡಿಸದೆ ನಿರ್ಮಿತಿ ಕೇಂದ್ರಕ್ಕೋ, ಜನ ಇನ್ನೂ ಭೂಸೇನೆ ಎಂದೇ ಕರೆಯುವ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮಕ್ಕೋ ವಹಿಸುತ್ತಾರೆ. ಆಗ ಅಳತೆ, ಬಿಲ್ಲು ಎಲ್ಲಾ ಅಲ್ಲಿ ಕೇಳಬೇಕು.

ಪಟ್ಟಿ ನೋಡುವಾಗ ಮೊತ್ತಗಳನ್ನು ಗಮನಿಸಿ. ಟೆಂಡರ್ ಪಾರದರ್ಶಕತೆ ಕಾಯ್ದೆ ಪ್ರಕಾರ 5 ಲಕ್ಷ ದಾಟಿದ ಕಾಮಗಾರಿಗೆ ಟೆಂಡರ್ ಕರೆಯಬೇಕು. ಒಂದೇ ರಸ್ತೆಯನ್ನು ‘ಮಾರುತಿ ಗುಡಿಯಿಂದ ಶಾಲೆವರೆಗೆ’, ‘ಶಾಲೆಯಿಂದ ಬಾವಿವರೆಗೆ’ ಎಂದು ಎರಡು ಮಾಡಿ ಎರಡಕ್ಕೂ 4.90 ಲಕ್ಷ ಬರೆದಿದ್ದರೆ ಅದು ತುಂಡು ಗುತ್ತಿಗೆ. ಯಾಕೆ ತುಂಡು ಮಾಡಿದಿರಿ ಎಂದು ಲಿಖಿತವಾಗಿ ಕೇಳಿ.

ಅರ್ಜಿ ಬರೆಯುವುದು

ಮಾಹಿತಿ ಹಕ್ಕು ಅರ್ಜಿಯಲ್ಲಿ ಜನ ಮಾಡುವ ತಪ್ಪು ಒಂದೇ. ಸಿಟ್ಟನ್ನು ಬರೆಯುತ್ತಾರೆ. ‘ನಮ್ಮ ವಾರ್ಡನ್ನು ಯಾಕೆ ಕಡೆಗಣಿಸಿದ್ದೀರಿ’ ಎಂದು ಕೇಳಿದರೆ ಅದಕ್ಕೆ ಉತ್ತರ ಬರುವುದಿಲ್ಲ, ಅದು ದಾಖಲೆ ಅಲ್ಲ. ದಾಖಲೆಯ ಹೆಸರು ಹಿಡಿದು ಕೇಳಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಾನು ಬರೆದುಕೊಡುವುದು ಹೀಗೆ:

"ವಿಷಯ: ವಾರ್ಡ್ ನಂ. ___ರ ಗಟಾರ ಕಾಮಗಾರಿಯ ದಾಖಲೆ ಕೋರಿ. ಹಣಕಾಸು ಆಯೋಗದ ಅನುದಾನದಲ್ಲಿ ಸದರಿ ವಾರ್ಡಿನಲ್ಲಿ ___ರಿಂದ ___ವರೆಗೆ ನಿರ್ಮಿಸಿದ ಗಟಾರಕ್ಕೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ನೀಡಬೇಕು: ಅನುಮೋದಿತ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲು, ಸದರಿ ಅನುದಾನದ ಬ್ಯಾಂಕ್ ಖಾತೆಯಲ್ಲಿ ಮಾರ್ಚ್ 31ಕ್ಕೆ ಉಳಿದ ಮೊತ್ತ. ಕಡತ ಹಾಗೂ ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ, ಸಮಯ ತಿಳಿಸಬೇಕು."

ಅಷ್ಟೇ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿ. ಪುಟಕ್ಕೆ 2 ರೂಪಾಯಿ ಆಮೇಲೆ ಕೇಳುತ್ತಾರೆ. ಆನ್‌ಲೈನ್‌ನಲ್ಲೂ ಹಾಕಬಹುದು, ಆದರೆ ಸಣ್ಣ ಊರಿನ ಕಚೇರಿಗೆ ಸ್ಪೀಡ್ ಪೋಸ್ಟ್ ಅಥವಾ ಸ್ವೀಕೃತಿ ಸಹಿಯೇ ಒಳ್ಳೆಯದು ಎಂದು ನನ್ನ ಅನುಭವ. ಸ್ವೀಕೃತಿ ಪ್ರತಿಯಲ್ಲಿ ದಿನಾಂಕದ ಮುದ್ರೆ ಇದೆಯಾ ನೋಡಿ. ಬ್ಯಾಂಕ್ ಬಾಕಿ ಕೇಳುವುದನ್ನು ಮರೆಯಬೇಡಿ, ‘ಅನುದಾನ ಇಲ್ಲ’ ಎಂಬ ಮಾತಿಗೆ ನೇರ ಉತ್ತರ ಸಿಗುವುದು ಅಲ್ಲೇ. ಖುದ್ದು ಪರಿಶೀಲನೆಯನ್ನೂ ಬಿಡಬೇಡಿ. 2005ರ ಈ ಕಾಯ್ದೆ ಕಾಗದ ನೋಡಲು ಮಾತ್ರ ಅಲ್ಲ, ಕಾಮಗಾರಿಯನ್ನೇ ನೋಡಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೂಡ ಹಕ್ಕು ಕೊಡುತ್ತದೆ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಆಮೇಲೆ ಕೊಡುವ ಮಾಹಿತಿ ಪುಕ್ಕಟೆ ಕೊಡಬೇಕು. ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ, ಪಂಚಾಯಿತಿ ವಿಷಯವಾದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ನಮ್ಮ ಕಡೆಯವರಿಗೆ ಬೆಳಗಾವಿ ಪೀಠ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250ರಂತೆ 25,000ದವರೆಗೆ ದಂಡ ಹಾಕಬಹುದು. ನಾನು ಬರೆದುಕೊಟ್ಟ ಅರ್ಜಿಗಳಲ್ಲಿ ಬಹಳಷ್ಟು ಮೊದಲ ಮೇಲ್ಮನವಿಯಲ್ಲೇ ಮುಗಿದಿವೆ.

ಟೇಪು ಹಿಡಿದು ಅಳೆಯುವುದು

ನಮ್ಮ ಗಟಾರದ ಕಾಗದ ಕೈಗೆ ಬಂದಾಗ ಮೊದಲು ನನಗೇನೂ ಅರ್ಥ ಆಗಲಿಲ್ಲ. ಎಂಬಿ ಎಂದು ಕರೆಯುವ ಅಳತೆ ಪುಸ್ತಕದ ಪುಟದಲ್ಲಿ ಬರೀ ಅಂಕಿಗಳು. ಉದ್ದ, ಅಗಲ, ಆಳ, ಪ್ರಮಾಣ. ಮೂರು ಸಲ ಓದಿದ ಮೇಲೆ ಉದ್ದದ ಕಾಲಂ ಕಣ್ಣಿಗೆ ಬಿತ್ತು: 60 ಮೀಟರ್. ಸಂಜೆ ಅಂಗಡಿ ಮುಚ್ಚಿ ಗೌಂಡಿ ಕೆಲಸದವರ ಹತ್ತಿರ 30 ಮೀಟರಿನ ಟೇಪು ತಂದೆ. ಪಕ್ಕದ ಮನೆ ಅಜ್ಜ ಒಂದು ತುದಿಯನ್ನು ಗುಡಿಯ ಕಟ್ಟೆಗೆ ಒತ್ತಿ ಹಿಡಿದರು, ನಾನು ಇನ್ನೊಂದು ತುದಿ ಎಳೆದುಕೊಂಡು ಹೋದೆ. ಎರಡನೇ ಸಲ ಎಳೆದಾಗ ಸಿಮೆಂಟು 22ಕ್ಕೆ ಮುಗಿಯಿತು. ಒಟ್ಟು 52. ಅಲ್ಲಿಂದ ಹೆದ್ದಾರಿವರೆಗಿನ 8 ಮೀಟರ್ ಬರೀ ಮಣ್ಣು, ಮುಳ್ಳುಗಿಡ, ಪ್ಲಾಸ್ಟಿಕ್. ಮಳೆ ನೀರು ನಿಲ್ಲುತ್ತಿದ್ದದ್ದು ಸರಿಯಾಗಿ ಅಲ್ಲೇ. ಅಜ್ಜ ಟೇಪನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದರು. ಎರಡು ವರ್ಷ ಅವರ ಮನೆಗೆ ನೀರು ನುಗ್ಗಿತ್ತು.

ಇಲ್ಲಿ ಜಗಳಕ್ಕೆ ಹೋಗಬೇಡಿ. ಮೊಬೈಲ್‌ನಲ್ಲಿ ವಿಡಿಯೊ ಹಾಕಿ ಕಳ್ಳರು ಎನ್ನಬೇಡಿ. ತಪ್ಪು ಅಳತೆ ಯಾರಿಂದ ಆಯ್ತು ಎಂದು ನಿಮಗೆ ಗೊತ್ತಿಲ್ಲ, ಮತ್ತು ಆ ಹೆಸರು ಒಮ್ಮೆ ಹೊರಬಿದ್ದರೆ ಎಲ್ಲರೂ ಗಟಾರ ಬಿಟ್ಟು ಮರ್ಯಾದೆ ಉಳಿಸಿಕೊಳ್ಳಲು ನಿಲ್ಲುತ್ತಾರೆ. ನಾವು ‘ಜಂಟಿ ಅಳತೆ’ ಕೇಳಿ ಪತ್ರ ಕೊಟ್ಟೆವು. ಎಂಬಿಯ ಪುಟ, ನಮ್ಮ ಅಳತೆ, ಓಣಿಯ ಹನ್ನೊಂದು ಮನೆಯವರ ಸಹಿ. ಎಂಜಿನಿಯರ್ ಎರಡು ಸಲ ದಿನ ಕೊಟ್ಟು ಬರಲಿಲ್ಲ, ಮೂರನೇ ಸಲ ಬಂದರು. ಅವರ ಟೇಪಿನಲ್ಲೂ 52. ದೀಪಾವಳಿಗೆ ಮೊದಲು ಉಳಿದ 8 ಮೀಟರ್ ಆಯ್ತು. ಜಂಟಿ ಅಳತೆಗೂ ಒಪ್ಪದಿದ್ದರೆ ಲೋಕಾಯುಕ್ತಕ್ಕೆ ಅಫಿಡವಿಟ್ ಜೊತೆ ದೂರು ಕೊಡುವ ದಾರಿ ಇದ್ದೇ ಇದೆ.

ಹಳ್ಳಿಯವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇದೆ, ಬಳಸುವವರು ಕಡಿಮೆ. ಅದು ಜಮಾಬಂದಿ. ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎರಡನ್ನೂ ಮೇಲಿನ ಅಧಿಕಾರಿಯ ತಂಡ ಬಂದು ಜನರ ಎದುರು ಪರಿಶೀಲಿಸಬೇಕು. ಡಂಗುರ ಹೊಡೆಸದಿದ್ದರೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಜುಲೈನಲ್ಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ‘ಜಮಾಬಂದಿ ಯಾವ ದಿನ’ ಎಂದು ಕೇಳಿ ಬರೆದುಕೊಳ್ಳಿ. ವಾರ್ಡ್ ಸಭೆ, ಗ್ರಾಮ ಸಭೆ ಕೂಡ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ಅಲ್ಲಿ ನೀವು ಹೇಳಿದ ಕೆಲಸ ನಡಾವಳಿ ಪುಸ್ತಕದಲ್ಲಿ ಏರಿದೆಯಾ ಎಂದು ನೋಡಿ, ಆಮೇಲೆ ಸಹಿ ಮಾಡಿ. ಬರೀ ಹಾಜರಿಗೆ ಸಹಿ ಮಾಡಿ ಚಹಾ ಕುಡಿದು ಬಂದರೆ ಬೇರೆಯವರ ಓಣಿಯ ಪಟ್ಟಿಗೆ ನಿಮ್ಮ ಒಪ್ಪಿಗೆ ಸಿಕ್ಕಂತೆ. ಜನ ಸೇರಿ ಲೆಕ್ಕ ನೋಡುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರಲ್ಲ.

ಪಟ್ಟಣದವರು ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಕರೆಯುತ್ತಾರೆ. ಹೋದವರ ಕೆಲಸ ಪಟ್ಟಿಗೆ ಬರುತ್ತದೆ.

ಸೇವೆಗಳ ವಿಷಯ

ಖಾತೆ ಬದಲಾವಣೆ, ನಳದ ಸಂಪರ್ಕ, ಜನನ ಪ್ರಮಾಣಪತ್ರ, ವ್ಯಾಪಾರ ಪರವಾನಗಿ, ಇವಕ್ಕೆ ಅನುದಾನದ ನೆಪವೇ ಇಲ್ಲ. ಇವು ಗೊತ್ತುಮಾಡಿದ ದಿನದೊಳಗೆ ಸೇವೆ ಕೊಡಬೇಕು ಎನ್ನುವ ‘ಸಕಾಲ’ ಕಾಯ್ದೆಯಡಿ ಬರುತ್ತವೆ. ಅರ್ಜಿ ಕೊಟ್ಟ ಕೂಡಲೇ ಜಿಎಸ್‌ಸಿ ಎಂಬ 15 ಅಂಕಿಯ ನಂಬರ್ ಕೊಡಬೇಕು. ಅದನ್ನು ಕೊಡದೆ ‘ಇಟ್ಟು ಹೋಗ್ರಿ’ ಎಂದರೆ ಇಡಬೇಡಿ, ನಂಬರ್ ಇಲ್ಲದ ಅರ್ಜಿ ಯಾವ ದಿನ ಕೊಟ್ಟದ್ದು ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಮೊತ್ತ ಸಣ್ಣದು, ಆದರೆ ಅದು ಹೊಣೆಯಾದ ಅಧಿಕಾರಿಯ ಸಂಬಳದಿಂದ ಹೋಗುತ್ತದೆ ಎಂಬುದರಿಂದ ಕೆಲಸ ಓಡುತ್ತದೆ. ಬೇರೆ ಯಾವುದೇ ಇಲಾಖೆಯ ದೂರಿಗೆ 1902ಕ್ಕೆ ಫೋನ್ ಮಾಡಬಹುದು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ‘ಪರಿಹರಿಸಲಾಗಿದೆ’ ಎಂದು ಸಂದೇಶ ಬಂದು ಕೆಲಸ ಆಗಿರದಿದ್ದರೆ ಫೋಟೊ ಇಟ್ಟುಕೊಂಡು ಅದೇ ದಿನ ಮತ್ತೆ ದೂರು ಕೊಡಿ.

ಒಬ್ಬರೇ ಹೋಗಬೇಡಿ. ಮೂವರು ಹೋಗಿ, ಅದರಲ್ಲಿ ಒಬ್ಬರಾದರೂ ಹೆಣ್ಣುಮಕ್ಕಳಿರಲಿ. ನೀರು, ಗಟಾರದ ಕಷ್ಟ ಅವರಷ್ಟು ಚೊಲೊ ಹೇಳುವವರು ಯಾರೂ ಇಲ್ಲ. ಕಚೇರಿಯವರ ಜೊತೆ ಮೆತ್ತಗೆ ಮಾತಾಡಿ. ಐದು ಜನ ಮಾಡುವ ಕೆಲಸವನ್ನು ಇಬ್ಬರು ಮಾಡುವ ಕಚೇರಿಗಳೇ ಜಾಸ್ತಿ. ನನಗೆ ದಾರಿ ತೋರಿಸಿದವರೂ ಒಬ್ಬ ಗುಮಾಸ್ತರೇ.

ಕೆಲಸ ಮುಗಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಮುಗಿದ ದಿನಾಂಕವನ್ನು ಬರೆದಿಡಿ, ಫೋಟೊ ತೆಗೆದಿಡಿ, ಕಾರ್ಯಾದೇಶದಲ್ಲಿ ‘ದೋಷ ಹೊಣೆಗಾರಿಕೆ ಅವಧಿ’ ಎಷ್ಟಿದೆ ನೋಡಿ. ಆ ಅವಧಿಯೊಳಗೆ ಸಿಮೆಂಟು ಕಿತ್ತರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿ ಮಾಡಬೇಕು, ಅವರ ಭದ್ರತಾ ಠೇವಣಿ ಕಚೇರಿಯಲ್ಲೇ ಇರುತ್ತದೆ. ನಮ್ಮ 8 ಮೀಟರಿನ ದಿನಾಂಕವನ್ನು ಅಜ್ಜ ಗುಡಿಯ ಕಟ್ಟೆ ಮೇಲೆ ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಹೆದ್ದಾರಿ ಅಡಿಯ ಮೋರಿಗೆ ಅರ್ಜಿ ಕೊಟ್ಟು ಇವತ್ತಿಗೆ 19 ದಿನ, ಇನ್ನೂ 11 ದಿನ ಇದೆ. ತಂಗಿಯ ಕೇರಿಯವರೂ ಈಗ ಸರಿಯಾದ ಇಲಾಖೆಗೆ ಬರೆದಿದ್ದಾರೆ. ಅವರ ಅರ್ಜಿಯ ಸ್ವೀಕೃತಿ ಪ್ರತಿಯನ್ನು ನಿನ್ನೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಳು, ಮುದ್ರೆಯಲ್ಲಿ ದಿನಾಂಕ ಸ್ಪಷ್ಟವಾಗಿ ಕಾಣುತ್ತಿತ್ತು.